ಕೀಲಿಮಣೆಯ ಫೋನು ಹೋಯಿತು, ಬರೆದಿಡುವ ಶಿಸ್ತು ಉಳಿಯಲಿ

ವ್ಯಾಪಾರಕ್ಕೆ ನಂಬಿಕೆಯೇ ಮೂಲ ಬಂಡವಾಳವೆಂಬುದು ನಿರ್ವಿವಾದ. ಆದರೆ ಆ ನಂಬಿಕೆಯನ್ನು ಕಾಪಾಡುವುದು ಬರವಣಿಗೆ. ಕನ್ನಡ ನಾಡಿನ ಹಿಂದಿನ ವರ್ತಕರು ಹುಣಸೆ ಬೀಜದ ಅಂಟು ಹಾಗೂ ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದು ಮಡಿಚಿಡುತ್ತಿದ್ದರು. ಕಡತದ ನಂತರ ಖಾತೆ ಪುಸ್ತಕ ಬಂದಿತು. ಅದರ ನಂತರ ಅಂಗೈಯ ಫೋನು ಬಂದಿತು.

2008ರಲ್ಲಿ ನೋಕಿಯಾ ಸಂಸ್ಥೆ ಪ್ರಕಟಿಸಿದ ಇ71 ಎಂಬ ಫೋನು ಈ ಸಾಲಿನಲ್ಲಿ ಗಮನಾರ್ಹವಾದುದು. ಕೇವಲ 10 ಮಿಲಿಮೀಟರ್ ದಪ್ಪ, 127 ಗ್ರಾಂ ತೂಕ; ಆದರೂ ಬೆರಳಚ್ಚು ಯಂತ್ರದ ಕ್ರಮದಲ್ಲಿಯೇ ಪೂರ್ಣ ಕೀಲಿಮಣೆ. ಮಿಂಚಂಚೆ ಬರೆಯಲೆಂದೇ ರೂಪಿಸಿದ ಈ ಫೋನು ಹಾಗೂ ಬ್ಲಾಕ್‌ಬೆರಿ ಫೋನುಗಳು ವ್ಯವಹಾರಸ್ಥರಿಗೆ ಒಂದು ಅಭ್ಯಾಸವನ್ನು ಕಲಿಸಿದವು: ಮಾತನಾಡಿದ್ದನ್ನು ಕೂಡಲೇ ಬರೆದು ದೃಢಪಡಿಸುವುದು. ಕೀಲಿಗಳ ಮೇಲೆ ಕನ್ನಡ ಅಕ್ಷರಗಳಿರಲಿಲ್ಲವೆಂಬ ಕೊರತೆ ಮಾತ್ರ ಸಣ್ಣದಾಗಿರಲಿಲ್ಲ.

ಆ ಯುಗ ಮುಗಿಯಿತು. 2014ರಲ್ಲಿ ನೋಕಿಯಾದ ಫೋನು ವಿಭಾಗ ಮೈಕ್ರೋಸಾಫ್ಟ್ ಪಾಲಾಯಿತು. 2022ರ ಜನವರಿ 4ರಂದು ಬ್ಲಾಕ್‌ಬೆರಿಯ ಹಳೆಯ ಫೋನುಗಳ ಸೇವೆ ನಿಂತಿತು. ಈಗಿನ ಸ್ಪರ್ಶಪರದೆಯ ಫೋನುಗಳಲ್ಲಿ ಕನ್ನಡ ಕೀಲಿಮಣೆ ಸುಲಭವಾಗಿ ದೊರೆಯುತ್ತದೆ. ವಿಪರ್ಯಾಸವೆಂದರೆ, ಬರೆಯುವ ಅನುಕೂಲ ಹೆಚ್ಚಿದಾಗಲೇ ಬರೆಯುವ ಅಭ್ಯಾಸ ಕುಗ್ಗಿ, ಧ್ವನಿ ಸಂದೇಶದಲ್ಲಿಯೇ ವ್ಯವಹಾರ ಮುಗಿಸುವ ರೂಢಿ ಬೆಳೆದಿದೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಬೇಡಿಕೆಯನ್ನೇ ನೋಡಬಹುದು. ಒಡಲಿನ ಬಣ್ಣ, ಅಂಚಿನ ಅಗಲ, ಸೆರಗಿನ ವಿನ್ಯಾಸ, ಬುಟ್ಟಾ, ಜರಿಯ ಗುಣಮಟ್ಟ, ದರ, ತಲುಪಿಸುವ ದಿನ, ಹಣ ಪಾವತಿಯ ಅವಧಿ ಇವೆಲ್ಲವೂ ಒಂದು ಬೇಡಿಕೆಯ ಅಂಗಗಳು. ಇವುಗಳನ್ನು ಧ್ವನಿಯಲ್ಲಿ ಕೇಳಿ ಮಗ್ಗ ಹೂಡಿದ ನೇಕಾರರಿಗೆ, ಸೀರೆ ಸಿದ್ಧವಾದ ಮೇಲೆ "ನಾವು ಹೇಳಿದ ಬಣ್ಣ ಇದಲ್ಲ" ಎಂಬ ಉತ್ತರ ಬಂದರೆ ನಷ್ಟ ಯಾರದು? ಚಳ್ಳಕೆರೆಯ ಎಣ್ಣೆ ಗಿರಣಿಯವರು ಶೇಂಗಾ ಎಣ್ಣೆಯ ದರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಂಡಾಗಲೂ ಇದೇ ಪ್ರಶ್ನೆ ಏಳುತ್ತದೆ.

ಕಾನೂನು ಬರೆದವರ ಪಕ್ಷದಲ್ಲಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಅದೂ ಸರಕು ಸ್ವೀಕರಿಸಿದ 45 ದಿನ ಮೀರದಂತೆ, ಹಣ ಸಲ್ಲಬೇಕು. ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಸರಕಿನ ಬಗ್ಗೆ ಖರೀದಿದಾರರ ಆಕ್ಷೇಪದಿಂದ ಈ ಅವಧಿ ಮುಂದಕ್ಕೆ ಹೋಗಬೇಕಾದರೆ, ಅದು ಸರಕು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ಬಂದಿರಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ಬರಹಕ್ಕೂ ಮಾನ್ಯತೆ ನೀಡಿದೆ. ಧ್ವನಿ ಸಂದೇಶ ಸಾಕ್ಷ್ಯವಾಗಲಾರದೆಂದಲ್ಲ. ಆದರೆ ನೂರಾರು ಸಂದೇಶಗಳ ನಡುವೆ ಅದನ್ನು ಹುಡುಕಿ ರುಜುವಾತುಪಡಿಸುವುದು ಸಣ್ಣ ಉದ್ಯಮಿಗೆ ಸುಲಭಸಾಧ್ಯವಲ್ಲ.

ಬರೆದರಷ್ಟೇ ಸಾಲದು, ಉಳಿಸಿಕೊಳ್ಳಬೇಕು. ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ರಕ್ಷಿಸಿಡಬೇಕು. ಅಷ್ಟು ಕಾಲ ಒಂದೇ ಫೋನನ್ನು ಬಳಸುವವರು ವಿರಳ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಲಗತ್ತಿಸಬೇಕು. ಮೂಲ ಫೋನೇ ಕಳೆದುಹೋದರೆ ಆ ಕಾರ್ಯ ಇನ್ನಷ್ಟು ಕಠಿಣ.

"ಹಳೆಯ ಗಿರಾಕಿಯಿಂದ ಬರಹ ಕೇಳಿದರೆ ಬೇಸರಪಟ್ಟಾರು" ಎಂಬ ಅಳುಕು ಸಹಜ. ಅದಕ್ಕೆ ಪರಿಹಾರವೂ ಸರಳ. ಗಿರಾಕಿಯನ್ನು ಬರೆಯಲು ಒತ್ತಾಯಿಸಬೇಕಾಗಿಲ್ಲ. ಮಾತು ಮುಗಿದೊಡನೆ ಸರಕಿನ ವಿವರ, ದರ, ದಿನಾಂಕಗಳನ್ನು ಅಚ್ಚ ಕನ್ನಡದಲ್ಲಿಯೇ ನಾಲ್ಕು ಸಾಲು ಬರೆದು ತಾವೇ ಕಳುಹಿಸಿ, "ಸರಿ" ಎಂಬ ಮರುತ್ತರ ಪಡೆದರಾಯಿತು. ತಿಂಗಳಿಗೊಮ್ಮೆ ಅವುಗಳ ಪ್ರತಿಯನ್ನು ಗಣಕದಲ್ಲಿ ಉಳಿಸಿ, ಮುಖ್ಯವಾದುವನ್ನು ಮುದ್ರಿಸಿ ಬಿಲ್ಲಿನೊಡನೆ ಸೇರಿಸಿಡಬೇಕು. ಹಳೆಯ ಫೋನನ್ನು ವಿನಿಮಯಕ್ಕೆ ಕೊಡುವ ಮುನ್ನ ಈ ಕೆಲಸ ತಪ್ಪಬಾರದು.

ಉಪಕರಣಗಳು ಬರುತ್ತವೆ, ಹೋಗುತ್ತವೆ. ಕಡತ ಮಡಿಚಿಟ್ಟ ಹಿರಿಯರ ಎಚ್ಚರವನ್ನು ವರ್ತಕ ಬಾಂಧವರು ಹೊಸ ಫೋನಿನಲ್ಲಿಯೂ ಮುಂದುವರಿಸಿದರೆ, ಬಾಕಿ ವಸೂಲಿಯ ಅರ್ಧ ಚಿಂತೆ ತಾನಾಗಿಯೇ ಕಡಿಮೆಯಾದೀತು.