ಊಟದ ಪಂಕ್ತಿಯಲ್ಲಿ ಕಾಣುವ ಕ್ರಿಸ್ತನ ಹಾದಿ

ಪ್ರತಿವರ್ಷ ಫೆಬ್ರವರಿ ತಿಂಗಳಲ್ಲಿ ನಾಸಿಕ್ ರೋಡಿನ ಬಾಲಯೇಸುವಿನ ಪುಣ್ಯಕ್ಷೇತ್ರದ ವಾರ್ಷಿಕ ಮಹೋತ್ಸವಕ್ಕೆ ಜನಸಾಗರವೇ ಹರಿದು ಬರುತ್ತದೆ. ಕ್ರೈಸ್ತ ಬಾಂಧವರಲ್ಲದೆ ಇತರ ಧರ್ಮೀಯರೂ ಹರಕೆ ಹೊತ್ತು ಬಂದು ಮೇಣದ ಬತ್ತಿ ಹಚ್ಚಿ ಹೋಗುತ್ತಾರೆ. ಭಕ್ತಿ ಶ್ಲಾಘನೀಯವೇ. ಆದರೆ ಹಬ್ಬ ಮುಗಿಸಿ ಮನೆಗೆ ಮರಳಿದ ಮೇಲೆ, ವರ್ಷದ ಉಳಿದ ದಿನಗಳಲ್ಲಿ ಕ್ರಿಸ್ತನಂತೆ ಬದುಕುವುದೆಂದರೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಾಸಿಕ್‌ನಿಂದ ಪೈಠಣದವರೆಗಿನ ಗೋದಾವರಿ ತೀರದ ಇತಿಹಾಸವೇ ಅದನ್ನು ಹೇಳುತ್ತದೆ.

ಯೇಸು ತನ್ನ ಕೊನೆಯ ಭೋಜನದ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಸಂಗತಿ ಯೋಹಾನನ ಸುವಾರ್ತೆಯಲ್ಲಿದೆ. ಅಂದಿನ ಕಾಲದಲ್ಲಿ ಅದು ಮನೆಯ ಆಳು ಮಾಡುವ ಕೆಲಸ. ಗುರುವೇ ಅದನ್ನು ಮಾಡಿ, ನೀವೂ ಹೀಗೆಯೇ ಮಾಡಿರಿ ಎಂದು ತಿಳಿಸಿದ. ಹೀಗಾಗಿ ಕ್ರಿಸ್ತನ ಮಾದರಿಯನ್ನು ಅಳೆಯುವ ಅಳತೆಗೋಲು ಒಂದೇ: ಮನುಷ್ಯನು ತನಗಿಂತ ಕೆಳಗಿನವರೆಂದು ಎಣಿಸಲ್ಪಟ್ಟವರೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು.

ಮರಾಠಿ ಸಾಹಿತ್ಯದ ಹೆಮ್ಮೆಯ ಆತ್ಮಕಥೆ 'ಸ್ಮೃತಿಚಿತ್ರೆ'ಯನ್ನು ಬರೆದ ಲಕ್ಷ್ಮೀಬಾಯಿ ಟಿಳಕ್ ಅವರ ಜೀವನ ಇದಕ್ಕೆ ಒಳ್ಳೆಯ ನಿದರ್ಶನ. 1868ರಲ್ಲಿ ನಾಸಿಕ್ ಸಮೀಪದ ಜಲಾಲಪುರದಲ್ಲಿ ಹುಟ್ಟಿದ ಅವರು ಬೆಳೆದದ್ದು ಕಡು ಮಡಿವಂತಿಕೆಯ ಮನೆಯಲ್ಲಿ. ಪತಿ, ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಮುಂಬಯಿಯಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ ಅವರ ಪಾಲಿಗೆ ಆಕಾಶವೇ ಕಳಚಿ ಬಿತ್ತು. ಕೆಲವು ವರ್ಷ ಗಂಡ-ಹೆಂಡತಿ ದೂರವಿದ್ದರು. ಮತ್ತೆ ಒಂದಾದ ಮೇಲೂ ಲಕ್ಷ್ಮೀಬಾಯಿ ತಮ್ಮ ಮಡಿ-ಮೈಲಿಗೆಯನ್ನು ಕೂಡಲೇ ಬಿಡಲಿಲ್ಲ. ಅಹಮದ್‌ನಗರ ಜಿಲ್ಲೆಯ ರಾಹುರಿಯಲ್ಲಿದ್ದಾಗ, ಜಾತಿ ದೇವರು ಮಾಡಿದ್ದಲ್ಲ, ಮನುಷ್ಯರು ಮಾಡಿಕೊಂಡದ್ದು ಎಂದು ಅವರಿಗೆ ಮನದಟ್ಟಾಯಿತು. ಇನ್ನು ಮುಂದೆ ಯಾರ ಕೈಯ ಅನ್ನ-ನೀರನ್ನೂ ಬೇಡವೆನ್ನುವುದಿಲ್ಲವೆಂದು ನಿರ್ಧರಿಸಿದರು. ಅವರು ದೀಕ್ಷಾಸ್ನಾನ ಪಡೆದದ್ದು ಅದರ ನಂತರ.

ಈ ಕ್ರಮವನ್ನು ಗಮನಿಸಬೇಕು. ಮೊದಲು ಬದಲಾದದ್ದು ಅಡುಗೆ ಮನೆ, ಧರ್ಮದ ಹೆಸರು ಬದಲಾದದ್ದು ಆಮೇಲೆ. ಇನ್ನೊಂದು ಮಾತು, ಟಿಳಕರು ಮುಂಗೋಪಿ. ಕೈಗೆ ಬಂದ ಹಣವನ್ನು ಕೇಳಿದವರಿಗೆಲ್ಲ ಕೊಟ್ಟು ಮನೆಯನ್ನು ಬರಿದು ಮಾಡುವವರು. ಪತ್ನಿ ಅದನ್ನೆಲ್ಲ ಮುಚ್ಚಿಡದೆ, ನಗುನಗುತ್ತಲೇ ಬರೆದಿದ್ದಾರೆ. ಮಾದರಿಯಾಗಿ ಬಾಳಲು ದೋಷವೇ ಇಲ್ಲದ ಸಂತನಾಗಬೇಕೆಂದಿಲ್ಲ ಎಂಬ ಧೈರ್ಯವನ್ನು ಆ ಪುಸ್ತಕ ಓದುಗರಿಗೆ ಕೊಡುತ್ತದೆ. ಲಕ್ಷ್ಮೀಬಾಯಿ 1936ರಲ್ಲಿ ನಾಸಿಕ್‌ನಲ್ಲಿಯೇ ತೀರಿಕೊಂಡರು. ಅದಕ್ಕೆ ಆರು ವರ್ಷ ಮೊದಲು, 1930ರ ಮಾರ್ಚ್ 2ರಂದು ಅದೇ ಊರಿನ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಡಾ. ಬಾಬಾಸಾಹೇಬ್ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಆರಂಭವಾಗಿತ್ತು. ಒಬ್ಬ ಗೃಹಿಣಿ ತನ್ನ ಅಡುಗೆ ಮನೆಯಲ್ಲಿ ಎಂದೋ ತೆರೆದಿದ್ದ ಬಾಗಿಲನ್ನು ಊರಿನ ದೊಡ್ಡವರು ಆಗಲೂ ತೆರೆಯಲು ಸಿದ್ಧರಿರಲಿಲ್ಲ.

ಟಿಳಕರು ತಾವು ಕ್ರಿಸ್ತನ ಬಳಿಗೆ ಬಂದದ್ದು ಸಂತ ತುಕಾರಾಮರ ಸೇತುವೆಯ ಮೇಲಿಂದ ಎಂದು ಹೇಳಿಕೊಂಡವರು. ಅಂತಹ ಸೇತುವೆ ಗೋದಾವರಿಯ ಕೆಳದಂಡೆಯಲ್ಲಿ ಇನ್ನೂ ಒಂದಿದೆ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಅಧಿಕೃತವಾಗಿ ಹೆಸರಾದ ಔರಂಗಾಬಾದ್ ಜಿಲ್ಲೆಯ ಪೈಠಣ 16ನೇ ಶತಮಾನದ ಸಂತ ಏಕನಾಥರ ಊರು. ಕನ್ನಡಿಗರಿಗೆ ಏಕನಾಥರು ಹೊರಗಿನವರಲ್ಲ. ಅವರ ಮುತ್ತಜ್ಜ ಭಾನುದಾಸರು ವಿಜಯನಗರದಿಂದ ವಿಠ್ಠಲನ ಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದರೆಂಬುದು ವಾರಕರಿಗಳ ನಂಬಿಕೆ. ಶ್ರಾದ್ಧಕ್ಕೆಂದು ಮಾಡಿದ ಅಡುಗೆಯನ್ನು ಹಸಿದು ಬಂದ ಅಸ್ಪೃಶ್ಯರಿಗೆ ಮೊದಲು ಬಡಿಸಿದರು, ನದಿಯ ಸುಡುವ ಮರಳಿನಲ್ಲಿ ಅಳುತ್ತಿದ್ದ ಅವರ ಮಗುವನ್ನು ಎತ್ತಿಕೊಂಡು ಮನೆಗೆ ತಲುಪಿಸಿದರು ಎಂಬ ಕಥೆಗಳು ಇಂದಿಗೂ ಅಲ್ಲಿ ಮನೆಮಾತು. ಏಕನಾಥರು ಕ್ರಿಸ್ತನ ಹೆಸರು ಹೇಳಿದವರಲ್ಲ. ಆದರೆ ಸುವಾರ್ತೆ ಓದಿದವರಿಗೆ ಆ ನಡೆ ಪರಿಚಿತವೆನಿಸದೆ ಇರದು.

ಇನ್ನೊಂದು ಸಂಗತಿ ನಾಸಿಕ್‌ನ ಕನ್ನಡಿಗರಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ದಿನನಿತ್ಯ ಓಡಾಡುವ ಶರಣಪುರ ರಸ್ತೆಗೆ ಆ ಹೆಸರು ಬಂದದ್ದು 19ನೇ ಶತಮಾನದ ಮಧ್ಯಭಾಗದಲ್ಲಿ ಚರ್ಚ್ ಮಿಷನರಿ ಸೊಸೈಟಿ ಕಟ್ಟಿದ ಶರಣಪುರ ಎಂಬ ವಸತಿಯಿಂದ. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಿಂದ ಬಿಡುಗಡೆಗೊಂಡ ಆಫ್ರಿಕಾದ ಮಕ್ಕಳಿಗೆ ಅಲ್ಲಿ ಆಶ್ರಯ ನೀಡಿ ಓದು-ಬರಹದ ಜತೆಗೆ ಬಡಗಿ, ಕಮ್ಮಾರ ಕೆಲಸ ಕಲಿಸುತ್ತಿದ್ದರು. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್. 1873ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ಒಳನಾಡಿನಲ್ಲಿ ತೀರಿಕೊಂಡಾಗ, ಅವರ ಜತೆಗಿದ್ದ ಆಫ್ರಿಕನ್ ಸಂಗಾತಿಗಳು ಶವವನ್ನು ಸುಮಾರು 1,000 ಮೈಲಿ ಹೊತ್ತು ಸಮುದ್ರ ತೀರಕ್ಕೆ ತಂದರು. ಆ ತಂಡದಲ್ಲಿ ನಾಸಿಕ್‌ನಲ್ಲಿ ಕಲಿತವರು ಹಲವರಿದ್ದರು. 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ವೇನ್‌ರೈಟ್ ಪಾಲ್ಗೊಂಡಿದ್ದ. ಶವವನ್ನು ಕಾಡಿನಲ್ಲೇ ಮಣ್ಣು ಮಾಡಿ ಬಂದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಮೇಲ್ವಿಚಾರಕನಿಲ್ಲದ ಜಾಗದಲ್ಲಿ ಮಾಡಿದ ಕೆಲಸವೇ ಅವರ ಸಾಕ್ಷಿ.

ಹೊರನಾಡ ಕನ್ನಡಿಗರ ಇತಿಹಾಸದಲ್ಲೂ ಇಂತಹ ಪುಟಗಳಿಲ್ಲದಿಲ್ಲ. ಊರು ಬಿಟ್ಟು ಮುಂಬಯಿಗೆ ಬಂದ ಹುಡುಗರು ಹಗಲು ಹೋಟೇಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಉದ್ಯಮಿಗಳಾಗಿ, ಸಂಘ-ಸಂಸ್ಥೆಗಳ ಆಧಾರಸ್ತಂಭಗಳಾದರು. ಸಂಜೆಯ ವ್ಯಾಪಾರದ ಹೊತ್ತಿನಲ್ಲಿಯೇ ಹುಡುಗನನ್ನು ಶಾಲೆಗೆ ಬಿಟ್ಟುಕೊಟ್ಟ ಧಣಿ ನಷ್ಟವನ್ನು ತಾನೇ ಹೊತ್ತುಕೊಂಡ. ಆತ ಯಾವ ದೇವರಿಗೆ ಕೈಮುಗಿಯುತ್ತಿದ್ದನೋ, ಮಾಡಿದ್ದು ಮಾತ್ರ ಕ್ರಿಸ್ತನ ಕೆಲಸ. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೇಲು, ಮನೆಗೆಲಸಗಳಲ್ಲಿ ಇಟ್ಟುಕೊಳ್ಳುವುದನ್ನು ಸರಕಾರ ನಿಷೇಧಿಸಿತು. ಕಾನೂನು ಬರುವ ಮೊದಲೇ ಮನಸ್ಸಾಕ್ಷಿಗೆ ಹೆದರಿ ನಡೆದವರು ನಿಜಕ್ಕೂ ಅಭಿನಂದನಾರ್ಹರು.

ಇಂದು ಅದೇ ಪರೀಕ್ಷೆ ಬೇರೆ ರೂಪದಲ್ಲಿ ಎದುರಿಗಿದೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕೂಲಿ ಹುಡುಕಿಕೊಂಡು ಕುಟುಂಬ ಸಮೇತ ಮಹಾರಾಷ್ಟ್ರದ ನಗರಗಳಿಗೆ ಬರುವವರು ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ ಹಾಕಿಕೊಂಡಿರುತ್ತಾರೆ. ಅವರು ಮಾತನಾಡುವುದೂ ಕನ್ನಡವೇ. ಆದರೆ ರಾಜ್ಯೋತ್ಸವದ ಆಮಂತ್ರಣ ಅವರಿಗೆ ಹೋಗುವುದು ಅಪರೂಪ, ಸಂಘದ ಸದಸ್ಯತ್ವ ಪುಸ್ತಕದಲ್ಲಿ ಅವರ ಹೆಸರಿಲ್ಲ. ನಾಡು-ನುಡಿಯ ಬಗ್ಗೆ ವೇದಿಕೆಯಲ್ಲಿ ಭಾಷಣ ನಡೆಯುವಾಗ, ಸಭಾಂಗಣದ ಹಿಂದೆ ಪಾತ್ರೆ ತೊಳೆಯುತ್ತಿರುವವನೂ ಕನ್ನಡಿಗನೇ ಆಗಿರಬಹುದು. ಯೇಸು ಹೇಳಿದ ಸಮಾರ್ಯದವನ ಸಾಮತಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ಬದಿಗೆ ಸರಿದು ಹೋದವರು ಕೆಟ್ಟವರಲ್ಲ, ಸಮಾಜದ ಗಣ್ಯರು. ನಿಂತು ಆರೈಕೆ ಮಾಡಿದವನು ಹೊರಗಿನವನು.

ಕ್ರೈಸ್ತ ಸದಸ್ಯರಿಗೆ ಈ ವಿಷಯದಲ್ಲಿ ಹೆಚ್ಚಿನ ಹೊಣೆಯಿದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಕ್ರಿಸ್ತನ ಹೆಸರನ್ನು ಇಟ್ಟುಕೊಂಡವರ ನಡತೆಯನ್ನು ನೆರೆಹೊರೆಯವರು ಒಂದು ಕಣ್ಣಿಟ್ಟು ನೋಡುತ್ತಲೇ ಇರುತ್ತಾರೆ. ಹಾಗೆಂದು ಮಾದರಿ ಬದುಕು ಇನ್ನೊಬ್ಬರನ್ನು ತಮ್ಮ ಧರ್ಮಕ್ಕೆ ಎಳೆಯುವ ಉಪಾಯವಾಗಬಾರದು. ಪ್ರತಿಫಲದ ಲೆಕ್ಕವಿಟ್ಟು ಮಾಡಿದ ಉಪಕಾರ ವ್ಯಾಪಾರವಾಗುತ್ತದೆ. ಕಾಲು ತೊಳೆದವನು ಯೂದನ ಕಾಲನ್ನೂ ತೊಳೆದಿದ್ದನೆಂಬುದನ್ನು ಮರೆಯುವಂತಿಲ್ಲ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಹೋಟೇಲಿನ ಕೆಲಸಗಾರನ ಸಂಬಳ ಒಂದು ದಿನವೂ ತಡವಾಗದಿರಲಿ. ಕೆಲಸದ ಹುಡುಗನಿಗೆ ಬೇರೆ ಲೋಟ, ಬೇರೆ ಅನ್ನ ಎಂಬ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಇಂದೇ ನಿಲ್ಲಲಿ. ಕೂಲಿಯವರ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಲು, ಜ್ವರ ಬಂದವನನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಮರಾಠಿಯಲ್ಲಿ ವಿವರ ತಿಳಿಸಲು ಸಂಘದ ಇಬ್ಬರು ಸದಸ್ಯರು ತಿಂಗಳಿಗೊಂದು ಭಾನುವಾರ ಕೊಟ್ಟರೆ ಸಾಕು. ಇದಕ್ಕೆ ನಿಧಿ ಸಂಗ್ರಹ ಬೇಡ, ಫಲಕ ಬೇಡ, ಶಾಲು-ಹಾರವೂ ಬೇಡ. ನಾಸಿಕ್, ಸಂಭಾಜಿನಗರಗಳ ಸಂಘಗಳು ಬರುವ ರಾಜ್ಯೋತ್ಸವದ ಊಟಕ್ಕೆ ಕಟ್ಟಡ ಕಾರ್ಮಿಕರ ಕುಟುಂಬಗಳನ್ನೂ ಕರೆದು, ಪದಾಧಿಕಾರಿಗಳೇ ನಿಂತು ಮೊದಲ ಪಂಕ್ತಿಯಲ್ಲಿ ಅವರಿಗೆ ಬಡಿಸಲಿ. ಅಂದು ಸಂಘದ ಮಕ್ಕಳು ಅದನ್ನು ಕಣ್ಣಾರೆ ಕಂಡರೆ, ಬೇರೆ ಉಪದೇಶ ಬೇಕಾಗಲಾರದು.