ಗೆಡ್ಡೆ ಅಂದರೆ ಕ್ಯಾನ್ಸರೇ? ರಿಪೋರ್ಟು ಬಾಯಿ ಬಿಡಲಿ!

ಸಾಲಿಗ್ರಾಮದಿಂದ ಕೆ.ಆರ್. ನಗರದ ಮೇಲೆ ಮೈಸೂರಿಗೆ ಹೋಗುವ ಬೆಳಗಿನ ಬಸ್ಸು ಹತ್ತಿದವರಿಗೆ ಇದು ಗೊತ್ತು. ಯಾರೋ ಒಬ್ಬ ಹೆಂಗಸಿನ ಮಡಿಲಲ್ಲಿ ಸ್ಕ್ಯಾನಿಂಗ್ ಕವರು. "ಏನಂತಕ್ಕ?" ಅಂದರೆ, "ಅಂಡಾಶಯದಲ್ಲಿ ಗೆಡ್ಡೆ ಐತಂತೆ ಕಣವ್ವ." ಹಿಂದಿನ ಸೀಟಿನಿಂದ ತೀರ್ಪು ಬಂದೇಬಿಡುತ್ತದೆ: "ಅಯ್ಯೋ, ಕ್ಯಾನ್ಸರ್ರೇ ಇರ್ಬೇಕು, ತೆಗೆಸ್ಬುಡು!"

ತಾಳಿ ಸ್ವಾಮಿ. ಮುಟ್ಟಾಗುವ ವಯಸ್ಸಿನಲ್ಲಿ ಅಂಡಾಶಯದೊಳಗೆ ತಿಂಗಳು ತಿಂಗಳೂ ನೀರುಗುಳ್ಳೆ ಬೆಳೆದು ಒಡೆಯುವುದು ಪ್ರಕೃತಿ ನಿಯಮ. ಒಡೆಯದೆ ಉಳಿದರೆ ಅದೇ ಸಿಸ್ಟ್. ಇಂಥವು ಬಹುಪಾಲು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ.

ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಗುರುತುಗಳು ಸ್ಕ್ಯಾನಿಂಗಿನಲ್ಲೇ ಕಾಣುತ್ತವೆ. ಒಂದೇ ಗೂಡು, ನುಣುಪು ಗೋಡೆ, ಒಳಗೆ ಬರೀ ನೀರು, ರಕ್ತದ ಹರಿವಿಲ್ಲ: ಇದು ಸಾಧು. ಅಡ್ಡಾದಿಡ್ಡಿ ಗಟ್ಟಿ ಗಂಟು, ಗೂಡಿನೊಳಕ್ಕೆ ಚಾಚಿದ ನಾಲ್ಕಾರು ಮೊಳಕೆ, ಜೋರು ರಕ್ತದ ಹರಿವು, ಹೊಟ್ಟೆಯಲ್ಲಿ ನೀರು: ಇದು ಕೇಡು. 2008ರಲ್ಲಿ ಯೂರೋಪಿನ ವೈದ್ಯರು ಐದು ಒಳ್ಳೆಯ, ಐದು ಕೆಟ್ಟ ಗುರುತುಗಳ ಪಟ್ಟಿ ಮಾಡಿದರು. ಸುಮಾರು ಮುಕ್ಕಾಲು ಪಾಲು ಗೆಡ್ಡೆಗಳ ಹಣೆಬರಹ ಇದರಿಂದಲೇ ತಿಳಿಯುತ್ತದೆ. ಉಳಿದದ್ದನ್ನು ನುರಿತವರು ನೋಡಬೇಕು.

ಇಷ್ಟಿದ್ದೂ ನಮ್ಮ ಹೆಂಗಸರ ಕೈಗೆ ಸಿಗುವ ರಿಪೋರ್ಟು ಎಷ್ಟೋ ಸಲ ಒಂದೇ ಸಾಲು: "ಎಡ ಅಂಡಾಶಯ, ಸಿಸ್ಟ್, 5 ಸೆಂ.ಮೀ." ಅಂಗಡಿಯವರೇ, ನೀವು "ಸಾಮಾನು, ಐನೂರು ರೂಪಾಯಿ" ಅಂತ ಬಿಲ್ಲು ಬರೆದುಕೊಟ್ಟರೆ ಗಿರಾಕಿ ಸುಮ್ಮನಿರುತ್ತಾನೆಯೇ?

ಅರೆಬರೆ ಮಾತಿನಿಂದ ಎರಡು ಕಡೆಯೂ ಅನಾಹುತ. ಹೆದರಿದವಳ ಗರ್ಭಕೋಶವೇ ಹೋಗುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಂಗಸರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪ 2015ರಲ್ಲಿ ರಾಜ್ಯದಲ್ಲೆಲ್ಲ ಗದ್ದಲವಾಗಿತ್ತು. ಇನ್ನೊಂದು ಕಡೆ, ಮುಟ್ಟು ನಿಂತ ಅಜ್ಜಿಗೆ ಹೊಟ್ಟೆ ಉಬ್ಬರ, ಊಟ ಸೇರದು ಅಂದರೆ ಗ್ಯಾಸ್ ಮಾತ್ರೆ! ನಿಜವಾದ ಕಳ್ಳ ಅಡಗುವುದು ಅಲ್ಲೇ. ಅಂಥವರಿಗೆ ತಡ ಸಲ್ಲದು.

1994ರ ಕಾಯ್ದೆಯಂತೆ ಗರ್ಭಿಣಿಯ ಸ್ಕ್ಯಾನಿಗೆ ಫಾರಂ ತುಂಬಲೇಬೇಕು. ಗೆಡ್ಡೆಗೂ ಹತ್ತು ಗುರುತಿನ ಒಂದು ಹಾಳೆ ಯಾಕಾಗಬಾರದು? ಹೊಸ ಯಂತ್ರ ಬೇಡ, ದುಡ್ಡು ಬೇಡ, ಒಂದು ಸುತ್ತೋಲೆ ಸಾಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಮನಸ್ಸು ಮಾಡಲಿ. ಅನುಮಾನವಿದ್ದವರನ್ನು ಆ ಹಾಳೆಯ ಜೊತೆಗೇ ಮೈಸೂರಿನ ಚೆಲುವಾಂಬಕ್ಕೋ ಬೆಂಗಳೂರಿನ ಕಿದ್ವಾಯಿಗೋ ಕಳಿಸಲಿ.

ಅಲ್ಲಿಯವರೆಗೆ, ಅಕ್ಕ ತಂಗಿಯರೇ, ರಿಪೋರ್ಟು ಹಿಡಿದು ಡಾಕ್ಟರನ್ನು ನಾಲ್ಕು ಮಾತು ಕೇಳಿ: ಗೂಡೆಷ್ಟು? ಒಳಗೆ ಗಟ್ಟಿ ಐತಾ? ರಕ್ತ ಹರೀತಿದೆಯಾ? ಹೊಟ್ಟೇಲಿ ನೀರಿದೆಯಾ? ಉತ್ತರ ಸಿಗುವತನಕ ಕುರ್ಚಿ ಬಿಟ್ಟು ಏಳಬೇಡಿ. ಬಸ್ಸಿನ ಹಿಂದಿನ ಸೀಟಿನ ತೀರ್ಪನ್ನಂತೂ ನಂಬಲೇಬೇಡಿ.