ಕೊಳ್ಳೇಗಾಲದ ದಾರಿಗೊಂದು ನಿಂಬೆಹಣ್ಣು

ಅರವತ್ತೊಂದು ವಯಸ್ಸಿನ ಹೆಂಗಸು ತಾನೊಬ್ಬಳೇ ಕಾರು ನಡೆಸಿಕೊಂಡು ಮೂರು ದಿನ ಊರು ಸುತ್ತಿ ಬರುತ್ತೇನೆಂದರೆ ಬಂಧುಗಳು ಮೊದಲು ನಗುತ್ತಾರೆ. ಅವಳು ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಾಗ ಗಾಬರಿಗೊಳ್ಳುತ್ತಾರೆ. ನನ್ನ ವಿಷಯದಲ್ಲಿ ನಡೆದುದೂ ಇಷ್ಟೆ. ಸುದ್ದಿ ತಿಳಿದ ಸಂಜೆಯೇ ಮಗಳು, ಅಳಿಯಂದಿರು ಬಂದಿಳಿದರು. "ಹೋಗುವುದೇ ಆದರೆ ಮಡಿಕೇರಿಗೆ ಹೋಗಮ್ಮ, ಕೊಳ್ಳೇಗಾಲವೇ ಏಕೆ ಬೇಕು?" ಎಂದಳು ಮಗಳು. "ಹನೂರಿನ ಕಡೆಯೆಲ್ಲ ಕಾಡು, ಅತ್ತೆ" ಎಂದು ಅಳಿಯಂದಿರು ದನಿಗೂಡಿಸಿದರು. ಪಕ್ಕದ ಮನೆಯಾಕೆ ಮಾತ್ರ ವಾದಕ್ಕೆ ನಿಲ್ಲಲಿಲ್ಲ. ಕೊಳ್ಳೇಗಾಲವೆಂಬ ಹೆಸರು ಕಿವಿಗೆ ಬಿದ್ದೊಡನೆ ಒಳಗೆ ಹೋಗಿ, ಮಂತ್ರಿಸಿದ ನಿಂಬೆಹಣ್ಣೊಂದನ್ನು ತಂದು ಕಾರಿನ ಮುಂಗಾಜಿನ ಬಳಿ ಇಟ್ಟುಬಿಟ್ಟರು. "ಅಲ್ಲಿ ಮಾಟ ಮಾಡುವವರು ಬಹಳ. ಇದು ಇರಲಿ, ಮುಟ್ಟಬೇಡಿ" ಎಂದರು.

ನನಗೆ ಕೊಳ್ಳೇಗಾಲವೇ ಏಕೆ ಬೇಕಾಗಿತ್ತೆಂಬುದನ್ನು ವಾಚಕರಿಗೆ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಇದ್ದಾಗ ಬಿಳಿಗಿರಿರಂಗನ ಬೆಟ್ಟಕ್ಕೂ ಮಾದಪ್ಪನ ಬೆಟ್ಟಕ್ಕೂ ಈ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೆವು. ಕಾರು ಅವರದು, ಪಕ್ಕದ ಆಸನ ನನ್ನದು. "ಯಳಂದೂರಿನಲ್ಲಿ ಇಳಿದು ನೋಡೋಣವೆ?" ಎಂದು ಪ್ರತಿ ಸಲವೂ ನಾನು ಕೇಳುತ್ತಿದ್ದೆ. "ಬರುವಾಗ ನೋಡೋಣ" ಎಂದು ಪ್ರತಿ ಸಲವೂ ಅವರೆನ್ನುತ್ತಿದ್ದರು. ಬರುವಾಗ ಕತ್ತಲಾಗಿರುತ್ತಿತ್ತು. ಅವರು ತೀರಿಕೊಂಡು ಮೂರು ವರ್ಷವಾಯಿತು. ಕಾರು ಓಡಿಸುವುದನ್ನು ಕಲಿತದ್ದು ಆಮೇಲೆ. ಇನ್ನು "ಬರುವಾಗ ನೋಡೋಣ" ಎನ್ನುವವರೂ ಇಲ್ಲ, ಹಾಗೆ ಮುಂದೂಡುವಷ್ಟು ಕಾಲವೂ ನನ್ನಲ್ಲಿಲ್ಲ.

ಮಹಾಶಿವರಾತ್ರಿಗೆ ನಾಲ್ಕು ದಿನವಿರುವಾಗ ಬೆಳಗಿನ ಜಾವ ಬೆಂಗಳೂರು ಬಿಟ್ಟೆ. ಕನಕಪುರ, ಮಳವಳ್ಳಿ ದಾಟಿ ಶಿವನಸಮುದ್ರಕ್ಕೆ ಬಂದಾಗ ಬಿಸಿಲೇರಿತ್ತು. 1902ರಲ್ಲಿ ಇಲ್ಲಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿಯವರೆಗೆ ಹೋಯಿತೆಂಬುದನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಪಾಠದಲ್ಲಿ ಇಲ್ಲದಿದ್ದುದು ಇಲ್ಲಿನ ಹಳೆಯ ಕಲ್ಲುಸೇತುವೆಗಳ ಕಥೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಕಲ್ಲುಕಂಬಗಳನ್ನು ನದಿಯ ಬಂಡೆಯ ಮೇಲೆ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ, ನಮ್ಮ ನಾಡಿನ ಕೆಲಸಗಾರಿಕೆಯಲ್ಲೇ ಕಾವೇರಿಗೆ ಸೇತುವೆ ಕಟ್ಟಿಸಿದರು. ಬೇಸಗೆ ಸಮೀಪಿಸಿದ್ದರಿಂದ ನದಿಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚಾಗಿತ್ತು.

ಕೊಳ್ಳೇಗಾಲದಲ್ಲಿ ವಸತಿಗೃಹವೊಂದರಲ್ಲಿ ತಂಗಿದೆ. ಸಂಜೆ ಬೀದಿಯಲ್ಲಿ ನಡೆದಾಗ ಮನೆಯೊಂದರ ಒಳಗಿನಿಂದ ಮಗ್ಗದ ಸದ್ದು ಕೇಳಿಸಿತು. ಮಾಟದ ಊರೆಂದು ನಾವು ತಮಾಷೆ ಮಾಡುವ ಈ ಊರಿನ ನಿಜವಾದ ವಿದ್ಯೆ ರೇಷ್ಮೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲವು ಇಂಗ್ಲಿಷರ ಪಾಲಾಗಿ, ಕೊಯಮತ್ತೂರು ಜಿಲ್ಲೆಗೆ ಸೇರಿತು. ಮದರಾಸು ಪ್ರಾಂತ್ಯದ ರೇಷ್ಮೆ ಬೆಳೆಯಲ್ಲಿ ಬಹುಪಾಲು ಆಗ ಈ ಒಂದು ತಾಲ್ಲೂಕಿನದೇ ಆಗಿತ್ತು. ಮನೆಯಲ್ಲಿ ಕನ್ನಡ, ಕಚೇರಿಯ ಕಾಗದ ಕೊಯಮತ್ತೂರಿಗೆ. ಹೀಗೆ ಒಂದೂವರೆ ಶತಮಾನ ಬಾಳಿ, 1956ರ ನವೆಂಬರ್ 1ರಂದು ಈ ಜನ ಮೈಸೂರು ರಾಜ್ಯಕ್ಕೆ ಬಂದರು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಇನ್ನೂ ಈಚೆಗೆ. ಸರಕಾರಗಳು ಬದಲಾದರೂ ಮಗ್ಗದ ಸದ್ದು ಬದಲಾಗಿರಲಾರದು.

ಮರುದಿನ ಹನೂರಿನ ದಾರಿ ಹಿಡಿದೆ. ಇಪ್ಪತ್ತೈದು ಕಿಲೋಮೀಟರಿನಷ್ಟು ದೂರ. ರಸ್ತೆಯ ಎರಡು ಕಡೆಯೂ ಜನ: ಗಂಡಸರು, ಹೆಂಗಸರು, ಮಕ್ಕಳು, ತಲೆಯ ಮೇಲೆ ಗಂಟು, ಹಣೆಯಲ್ಲಿ ವಿಭೂತಿ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು. ಒಂದು ಗುಂಪು "ಉಘೇ ಮಾದಪ್ಪ" ಎಂದರೆ ಫರ್ಲಾಂಗು ಮುಂದಿನ ಗುಂಪು ಅದಕ್ಕೆ ಉತ್ತರ ಕೊಡುತ್ತಿತ್ತು. ಕಂಸಾಳೆಯ ನಾದ ಕೇಳುತ್ತ ನಾನು ನಿಧಾನವಾಗಿ ಸಾಗುತ್ತಿದ್ದೆ. ಕಾಮಗೆರೆ ದಾಟಿದ ಮೇಲೆ ಕಾರಿನ ಹಿಂದಿನ ಚಕ್ರದ ಗಾಳಿ ಹೋಯಿತು.

ಕಾರು ಓಡಿಸುವುದನ್ನು ಕಲಿತಿದ್ದೆನೇ ಹೊರತು ಚಕ್ರ ಬದಲಿಸುವುದನ್ನು ಕಲಿತಿರಲಿಲ್ಲ. ಇಳಿದು ನಿಂತೆ. ಆ ಕ್ಷಣಕ್ಕೆ ಜನದ ಗುಂಪೂ ದೂರವಾಗಿತ್ತು. ಇದೇ ಸೀಮೆಯಲ್ಲಿ ಓದಿದ್ದ, ಕೇಳಿದ್ದ ಸುದ್ದಿಗಳೆಲ್ಲ ತಲೆಯಲ್ಲಿ ಸಾಲುಗಟ್ಟಿದವು. ಮಾಜಿ ಸಚಿವ ನಾಗಪ್ಪನವರನ್ನು ವೀರಪ್ಪನ್ ಅಪಹರಿಸಿದ್ದು 2002ರಲ್ಲಿ, ಇದೇ ಕಾಮಗೆರೆಯಿಂದ. ಅವನು ಸತ್ತು ಎರಡು ದಶಕವಾಗಿದೆಯೆಂದು ಬುದ್ಧಿ ಹೇಳಿತು, ಎದೆ ಕೇಳಬೇಕಲ್ಲ! ಅಷ್ಟರಲ್ಲಿ ಬೇಲಿಯ ತಿರುವಿನಿಂದ ಆಳೊಬ್ಬ ಬಂದ. ಸಣಕಲು ದೇಹ, ಮುಖದ ತುಂಬ ಮೀಸೆ. ಎಂತಹ ಮೀಸೆಯೆಂದು ನಾನು ಬಣ್ಣಿಸಬೇಕಾಗಿಲ್ಲ. ನನ್ನ ಕೈ ತಾನಾಗಿಯೇ ನಿಂಬೆಹಣ್ಣಿನ ಕಡೆ ಹೋಯಿತು.

"ಗಾಳಿ ಹೋಯ್ತಾ ಅವ್ವ? ಡಿಕ್ಕಿ ತಗೀರಿ" ಎಂದನಾತ.

ಕಾಲು ಗಂಟೆಯಲ್ಲಿ ಚಕ್ರ ಬದಲಾಯಿತು. ಹಣ ಕೊಡಹೋದರೆ ಕೈಮುಗಿದ. ಮಾದಪ್ಪನ ಬೆಟ್ಟಕ್ಕೆ ನಡೆಯುವಾಗ ಕಾಸು ಮುಟ್ಟುವುದಿಲ್ಲವಂತೆ. ಅದರ ಬದಲು ಒಂದು ಉಪಕಾರ ಕೇಳಿದ. ಅವನ ಸೋದರತ್ತೆಯ ಕಾಲು ಬಾತುಕೊಂಡು ಹಿಂದೆ ಮರದ ನೆರಳಲ್ಲಿ ಕುಳಿತಿದ್ದಾಳೆ. ಹನೂರಿನವರೆಗೆ ಕೂರಿಸಿಕೊಂಡು ಹೋದರೆ ಸಾಕು, ಅಲ್ಲಿ ತಮ್ಮವರು ಸಿಗುತ್ತಾರೆ. ಹೀಗೆ, ನಾನು ಇಷ್ಟು ವರ್ಷ ಕುಳಿತಿದ್ದ ಆಸನದಲ್ಲಿ ಎಪ್ಪತ್ತರ ಆಚೆಯ ಮುದುಕಿಯೊಬ್ಬಳು ಬಂದು ಕುಳಿತಳು.

ಆಕೆಯ ಊರು ಹನೂರಿನಿಂದಾಚೆ, ಕಾಡಿನ ಅಂಚು. ಹರಕೆಯೇನೆಂದು ಕೇಳಿದೆ. "ಇಪ್ಪತ್ತು ವರ್ಷದ ಮೇಲಾಯ್ತು ಕನವ್ವ, ತಪ್ಪಿಸಿಲ್ಲ" ಎಂದು ಶುರುಮಾಡಿ, ದಾರಿ ನೋಡುತ್ತಲೇ ಹೇಳಿದಳು. 1993ರ ಏಪ್ರಿಲ್‌ನಲ್ಲಿ ಪಾಲಾರಿನ ಬಳಿ ನೆಲಬಾಂಬು ಸಿಡಿದು ಇಪ್ಪತ್ತೆರಡು ಮಂದಿ ಸತ್ತ ಮೇಲೆ ಊರೂರಲ್ಲೂ ಹುಡುಕಾಟ ನಡೆಯಿತು. ಈಕೆಯ ಗಂಡನನ್ನೂ ವಿಚಾರಣೆಗೆಂದು ಕರೆದೊಯ್ದರು. ಬಳಿಕ ಅವನಿದ್ದುದು ಮೈಸೂರಿನ ಜೈಲಿನಲ್ಲಿ, ಟಾಡಾ ಕಾಯಿದೆಯಡಿ. ಎರಡು ಮಕ್ಕಳನ್ನು ಕೂಲಿ ಮಾಡಿ ಸಾಕಿದಳು. 2001ರಲ್ಲಿ ತೀರ್ಪು ಬಂದಾಗ ಹಾಗೆ ಬಂಧಿತರಾಗಿದ್ದವರಲ್ಲಿ ಬಹುಪಾಲು ಜನ ಬಿಡುಗಡೆಯಾದರು, ಅವನೂ ಬಂದ. ಬಂದವನಿಗೆ ಬಾಗಿಲಲ್ಲಿ ನಿಂತಿದ್ದ ಮಗಳ ಗುರುತು ಸಿಗಲಿಲ್ಲವಂತೆ.

"ಅವ್ನು ಬಂದ್ರೆ ಅಕ್ಕಿ ಕೇಳ್ತಿದ್ದ, ಇವ್ರು ಬಂದ್ರೆ ಅವ್ನೆಲ್ಲಿ ಅಂತ ಕೇಳ್ತಿದ್ರು. ನೀವು ಹೆಂಗಿದ್ದೀರಿ ಅಂತ ಯಾರೂ ಕೇಳ್ನಿಲ್ಲ ಕನವ್ವ" ಎಂದಳು.

ನಾನು ಸುಮ್ಮನಾದೆ. ಆ ವರ್ಷಗಳಲ್ಲಿ ನಾವು ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದೆವು. ಶರಣಾಗತಿಯ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅರಣ್ಯಾಧಿಕಾರಿ ಶ್ರೀನಿವಾಸರು 1991ರ ನವೆಂಬರಿನಲ್ಲಿ ಕೊಲೆಯಾದುದನ್ನು ಓದಿ ಕಣ್ಣೀರಿಟ್ಟಿದ್ದೂ ನೆನಪಿದೆ. ಗೋಪಿನಾಥಂನಲ್ಲಿ ಅವರು ಕಟ್ಟಿಸಿಕೊಟ್ಟ ಮಾರಿಯಮ್ಮನ ಗುಡಿಯಲ್ಲಿ ಊರವರು ಇಂದಿಗೂ ಅವರ ಭಾವಚಿತ್ರಕ್ಕೆ ಕೈಮುಗಿಯುತ್ತಾರೆ. ಸತ್ತವರ ಹೆಸರುಗಳು ನಮಗೆ ಗೊತ್ತಿದ್ದವು. ಕೊಂದವನ ಹೆಸರಂತೂ ಎಲ್ಲರ ಬಾಯಲ್ಲಿ. ಎರಡರ ನಡುವೆ ಬದುಕಿದ್ದವರ ಹೆಸರು ಮಾತ್ರ ನಮ್ಮ ಕಿವಿಯವರೆಗೆ ಬರಲಿಲ್ಲ. ಅವನು 2004ರ ಅಕ್ಟೋಬರ್ 18ರಂದು ಸತ್ತ. ಆ ಸೀಮೆಯ ಹೆಸರು ಕೇಳಿದರೆ ಹೆದರುವ ನಮ್ಮ ಅಭ್ಯಾಸ ಇನ್ನೂ ಸತ್ತಿಲ್ಲ.

ಹನೂರಿನಲ್ಲಿ ಅಂಗಡಿಯೊಂದರ ಜಗಲಿಯ ಮುಂದೆ ಕಾರು ನಿಲ್ಲಿಸಿದೆ. ಮುದುಕಿಯ ಕಣ್ಣು ಮುಂಗಾಜಿನ ಬಳಿಗೆ ಹೋಯಿತು. "ಇದ್ಯಾಕವ್ವ ನಿಂಬೆಹಣ್ಣ ಬಿಸ್ಲಲ್ಲಿ ಒಣಗಿಸ್ತಿದ್ದೀಯ?"

ಸುಳ್ಳು ಹೇಳಲು ನಾಲಗೆ ಬರಲಿಲ್ಲ. ನಾಚಿಕೊಂಡೇ ನಿಜ ಹೇಳಿದೆ. ಆಕೆ ಕೋಪಿಸಿಕೊಳ್ಳುವಳೆಂದಿದ್ದೆ, ಬಾತ ಕಾಲನ್ನೂ ಮರೆತು ನಕ್ಕಳು. "ಒಬ್ಳೆ ಬೆಂಗ್ಳೂರಲ್ಲಿ ಇರ್ತೀಯಂತೆ. ಅಲ್ಲಿ ಭಯ ಆಗಕಿಲ್ವಾ ನಿಂಗೆ? ಇಲ್ಲಿ ಬರಕೆ ಹಣ್ಣ ಬೇಕಾ?" ಎಂದವಳೇ ಅಂಗಡಿಯಿಂದ ಬೆಲ್ಲ ತರಿಸಿ, ಮಂತ್ರಿಸಿದ ಆ ಹಣ್ಣನ್ನು ಹಿಂಡಿ ಪಾನಕ ಮಾಡಿಬಿಟ್ಟಳು. ಅಷ್ಟರಲ್ಲಿ ಬಂದು ಸೇರಿದ ಮೀಸೆಯವನೂ ಸೇರಿ ಮೂವರೂ ಕುಡಿದೆವು. ಅಂಥ ಪಾನಕವನ್ನು ನಾನು ರಾಮನವಮಿಯಲ್ಲೂ ಕುಡಿದಿಲ್ಲ.

ಮೂರನೆಯ ದಿನ ಕೊಳ್ಳೇಗಾಲದಿಂದ ಯಳಂದೂರಿಗೆ ಹೊರಟೆ. ಅರ್ಧ ಗಂಟೆಯ ದಾರಿ; ಹಿಂದೆ ಇಷ್ಟರಲ್ಲೇ ಎರಡು ಆಡಳಿತಗಳ ಗಡಿ ದಾಟಬೇಕಾಗಿತ್ತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು. ಅದಕ್ಕೂ ಹಿಂದೆ ಹದಿನಾಡಿನ ಪಾಳೆಯಗಾರರದು. ಅವರ ಕಾಲದ ಗೌರೀಶ್ವರ ದೇವಾಲಯದ ಮುಂದೆ ಬಳೆ ಮಂಟಪವೆಂಬ ದ್ವಾರವಿದೆ. ಕಲ್ಲಿನಲ್ಲೇ ಕಡೆದ ಬಳೆಗಳನ್ನು ಒಂದರೊಳಗೊಂದು ಕೋದಂತೆ ಮೂಲೆಗಳಲ್ಲಿ ಇಳಿಬಿಟ್ಟಿದ್ದುದರಿಂದ ಆ ಹೆಸರು. ಇದನ್ನೇ ನಾನು ಅಷ್ಟು ವರ್ಷ "ಬರುವಾಗ" ನೋಡಬೇಕೆಂದಿದ್ದುದು. ಹಗಲು ಹತ್ತು ಗಂಟೆಯ ಬಿಸಿಲಿನಲ್ಲಿ, ಆತುರಪಡಿಸುವವರಿಲ್ಲದೆ, ಮನಸಾರೆ ನೋಡಿದೆ. ತೋರಿಸಲು ಅವರಿಲ್ಲವಲ್ಲ ಎಂದು ಸ್ವಲ್ಪ ಅತ್ತೆನೆಂಬುದನ್ನೂ ಮುಚ್ಚಿಡುವುದಿಲ್ಲ.

ಸಂಚಿಯ ಹೊನ್ನಮ್ಮನೂ ಈ ಊರಿನವಳೇ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹೊರುತ್ತಿದ್ದ ಹುಡುಗಿ ‘ಹದಿಬದೆಯ ಧರ್ಮ’ವನ್ನು ಬರೆದಳು. ಗೃಹಿಣಿಯ ಕರ್ತವ್ಯಗಳನ್ನು ಬೋಧಿಸುವ ಗ್ರಂಥವದು; ಆದರೆ ಹೆಣ್ಣೆಂದು ಹಳಿಯುವವರನ್ನು ತರಾಟೆಗೆ ತೆಗೆದುಕೊಳ್ಳುವ ಮಾತೂ ಅದರಲ್ಲೇ ಇದೆ. ಮೂರು ಶತಮಾನಗಳ ಹಿಂದೆ ಈ ಊರಿನ ಹುಡುಗಿಯೊಬ್ಬಳು ಅರಮನೆಯವರೆಗೆ ಹೋದಳು. ನಾನು ಇಲ್ಲಿಯವರೆಗೆ ಬಂದುದೇನು ಮಹಾ ಎನಿಸಿತು.

ಆ ರಾತ್ರಿ ಬೆಂಗಳೂರಿಗೆ ಹಿಂದಿರುಗಿದೆ. ಮಗಳು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಗೀರು ಇಲ್ಲವೆಂದು ಖಾತರಿ ಮಾಡಿಕೊಂಡು, ಆಮೇಲೆ ನನ್ನನ್ನು ನೋಡಿದಳು. ಚಕ್ರ ಬದಲಿಸುವುದನ್ನು ಕಲಿಸಿಕೊಡಬೇಕೆಂದು ಅಳಿಯಂದಿರಿಗೆ ಹೇಳಿದ್ದೇನೆ. ಪಕ್ಕದ ಮನೆಯಾಕೆ ಬೆಳಗಾಗುವುದನ್ನೇ ಕಾದಿದ್ದರು.

"ನಿಂಬೆಹಣ್ಣು ಕೆಲಸ ಮಾಡಿತೆ?" ಎಂದರು.

"ಬಹಳ ಚೆನ್ನಾಗಿ ಮಾಡಿತು" ಎಂದೆ. "ಮುಂದಿನ ಸಲ ನೀವೂ ಬನ್ನಿ. ಜೊತೆಗೆ ಸ್ವಲ್ಪ ಬೆಲ್ಲವನ್ನೂ ತನ್ನಿ."